ಸಮ ಬದಿ, ವಿಷಮ ಬದಿ

ನಾನು ಕಾರು ಓಡಿಸಲು ಕಲಿತದ್ದು ಕಾಮೋಠೆಯ ಒಂದೇ ಒಂದು ರಸ್ತೆಯಲ್ಲಿ. ಅದೂ ದೂರ ಹೋಗಿ ಬಂದಲ್ಲ. ಗಾಡಿಯನ್ನು ಒಂದು ದಿನ ರಸ್ತೆಯ ಈ ಬದಿಯಿಂದ ಆ ಬದಿಗೆ, ಮರುದಿನ ಆ ಬದಿಯಿಂದ ಈ ಬದಿಗೆ ತಂದು ನಿಲ್ಲಿಸುತ್ತ ಕಲಿತದ್ದು. ಲೈಸೆನ್ಸು ಅದಕ್ಕೂ ಬಹಳ ಮೊದಲೇ ಇತ್ತು. ಮದುವೆಯಾದ ಹೊಸತರಲ್ಲಿ ಡೊಂಬಿವಲಿಯ ಡ್ರೈವಿಂಗ್ ಸ್ಕೂಲಿಗೆ ಹೋಗಿ, ಪರೀಕ್ಷೆ ಕೊಟ್ಟು, ಒಂದೇ ಸಲಕ್ಕೆ ಪಾಸಾಗಿದ್ದೆ. ಆಮೇಲೆ ಅದು ಬ್ಯಾಂಕಿನಲ್ಲಿ ಗುರುತು ತೋರಿಸಲು ಉಪಯೋಗಕ್ಕೆ ಬಂತೇ ಹೊರತು ಸ್ಟಿಯರಿಂಗ್ ಹಿಡಿಯಲು ಬರಲಿಲ್ಲ. ಕಾರು ಕೊಂಡದ್ದು ನನ್ನ ಗಂಡ, ಓಡಿಸುವುದೂ ಅವರೇ. ನಾನು ಎಡಗಡೆಯ ಸೀಟಿನಲ್ಲಿ ಕೂತು ಟೋಲ್ ನಾಕೆಯ ಚೀಟಿ ಹಿಡಿದುಕೊಳ್ಳುವವಳು.

ನಾವು ಉಡುಪಿ ಕಡೆಯವರು. ನನ್ನ ಗಂಡ ತುರ್ಭೆಯ ಒಂದು ಶಾಕಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್. ಡೊಂಬಿವಲಿಯ ನಮ್ಮ ಹಳೆಯ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋದಾಗ, ಹೊಸ ಮನೆ ಏಳುವ ತನಕ ಬಾಡಿಗೆಗೆ ಇರೋಣ ಎಂದು ಕಾಮೋಠೆಗೆ ಬಂದೆವು. ಅವರ ಹೋಟೆಲಿಗೆ ಹತ್ತಿರ, ಮಗಳ ಕಾಲೇಜಿಗೂ ರೈಲು ಸಿಗುತ್ತದೆ. ಮನೆ ಚೆನ್ನಾಗಿತ್ತು, ಮೂರನೇ ಮಾಳಿಗೆ, ಗಾಳಿ ಬೆಳಕು ಧಾರಾಳ. ಆದರೆ ಸಾಮಾನು ಇಳಿಸುತ್ತಿದ್ದಾಗಲೇ ವಾಚ್‌ಮನ್ ಬಂದು, ಒಳಗಿನ ಪಾರ್ಕಿಂಗು ಓನರುಗಳಿಗೆ ಮಾತ್ರ, ಭಾಡೇಕರುಗಳು, ಎಂದರೆ ಬಾಡಿಗೆಯವರು, ಗಾಡಿ ಹೊರಗೆ ರಸ್ತೆಯಲ್ಲಿ ಹಾಕಬೇಕು ಎಂದು ಹೇಳಿ ಹೋದ. ಡೊಂಬಿವಲಿಯಲ್ಲಿ ನಮ್ಮ ಕಾರು ಬಿಲ್ಡಿಂಗಿನ ಗೋಡೆಗೆ ಒರಗಿಕೊಂಡ ಹಾಗೆ ವರ್ಷಗಟ್ಟಲೆ ನಿಂತಿತ್ತು. ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಇಲ್ಲಿಯೂ ಹಾಗೆಯೇ ಎಂದುಕೊಂಡು ನನ್ನವರು ಗೇಟಿನ ಪಕ್ಕದಲ್ಲಿ ಗಾಡಿ ಹಾಕಿ ಮಲಗಿದರು.

ಮರುದಿನ ಬೆಳಿಗ್ಗೆ ಹಾಲು ತರಲು ಇಳಿದಾಗ ಕಾರು ಇತ್ತು. ತಿಂಡಿ ಮುಗಿಸಿ ಅವರು ಇಳಿದಾಗ ಇರಲಿಲ್ಲ. ಕಳವಾಗಿದೆ ಎಂದೇ ನಾವು ಗಾಬರಿಯಾದೆವು. ಕೆಳಗಿನ ಕಿರಾಣಿ ಅಂಗಡಿಯವನು ನಗುತ್ತ, ಟೋಯಿಂಗ್ ಗಾಡಿ ಎತ್ತಿಕೊಂಡು ಹೋಯಿತು, ಬೋರ್ಡು ನೋಡಲಿಲ್ಲವೇ ಎಂದ. ಬೋರ್ಡು ಇತ್ತು, ತಲೆಯ ಮೇಲೆಯೇ ಇತ್ತು. ನಮ್ಮ ಬದಿಯಲ್ಲಿ ಮರಾಠಿಯಲ್ಲಿ 'ಸಮ ತಾರೀಖ್' ಎಂದು ಬರೆದಿತ್ತು. ಎದುರಿನ ಉದ್ಯಾನದ ಬದಿಯಲ್ಲಿ 'ವಿಷಮ ತಾರೀಖ್'. ನನ್ನವರು ದಂಡ ಕಟ್ಟಿ ಕಾರು ಬಿಡಿಸಿಕೊಂಡು ಬಂದು, ಊಟಕ್ಕೆ ಕೂತಾಗಲೂ ಗೊಣಗುತ್ತಿದ್ದರು. ವಿಷಮ ಎಂದರೆ ನಮಗೆ ಗೊತ್ತಿರುವುದು ವಿಷಮ ಪರಿಸ್ಥಿತಿ, ವಿಷಮಶೀತ ಜ್ವರ. ಇಲ್ಲಿ ಅದು ಒಂದು, ಮೂರು, ಐದು. ಬೆಸ ಸಂಖ್ಯೆಯ ದಿನ ಉದ್ಯಾನದ ಬದಿ, ಸಮ ಸಂಖ್ಯೆಯ ದಿನ ನಮ್ಮ ಬದಿ. ಬೋರ್ಡುಗಳು ಹೊಸತು, ನಾವು ಬರುವ ಸ್ವಲ್ಪ ಮೊದಲಷ್ಟೇ ಹಾಕಿದ್ದಂತೆ.

ನನ್ನವರು ಯಾವ ಕೆಲಸವನ್ನೂ ಅರ್ಧ ಮಾಡುವವರಲ್ಲ. ತಾರೀಖು ಬದಲಾಗುವುದು ರಾತ್ರಿ ಹನ್ನೆರಡಕ್ಕೆ, ಆದ್ದರಿಂದ ಗಾಡಿಯೂ ಹನ್ನೆರಡಕ್ಕೆ ಬದಲಾಗಬೇಕು ಎಂದು ತೀರ್ಮಾನಿಸಿದರು. ಹೋಟೆಲಿನಿಂದ ಬಂದು, ಊಟ ಮಾಡಿ, ಟಿವಿಯ ಮುಂದೆ ತೂಕಡಿಸುತ್ತ ಕೂತು, ಹೊತ್ತಾದಾಗ ಪೈಜಾಮದಲ್ಲೇ ಇಳಿದು ಹೋಗಿ ಗಾಡಿ ಸರಿಸಿ ಬರುತ್ತಿದ್ದರು. ಬೆಳಿಗ್ಗೆ ಮಾಡಬಾರದೇ ಎಂದು ನಾನು ಒಮ್ಮೆ ಕೇಳಿದೆ. ರೂಲ್ ಅಂದರೆ ರೂಲ್ ಎಂದರು.

ಮಳೆ ಹಿಡಿದುಕೊಂಡ ಮೇಲೆ ಒಂದು ಮಧ್ಯಾಹ್ನ ಹೋಟೆಲಿನ ಪಾತ್ರೆ ತೊಳೆಯುವ ಜಾಗದಲ್ಲಿ ಕಾಲು ಜಾರಿ ಬಿದ್ದರು. ಬಲಪಾದದ ಗಂಟಿನ ಹತ್ತಿರ ಮೂಳೆ ಮುರಿದಿತ್ತು. ಮೊಣಕಾಲಿನ ತನಕ ಪ್ಲಾಸ್ಟರ್ ಹಾಕಿ, ಒಂದೂವರೆ ತಿಂಗಳು ಕಾಲು ಊರಬಾರದು ಎಂದು ಡಾಕ್ಟರು ಹೇಳಿದರು. ಹೋಟೆಲಿನವರೇ ಯಾರೋ ಕಾರು ತಂದು ರಸ್ತೆಯಲ್ಲಿ ನಿಲ್ಲಿಸಿ, ಚಾವಿ ನನ್ನ ಕೈಗೆ ಕೊಟ್ಟು ಹೋದರು. ಅವರು ಹೋದ ಮೇಲೆ ನನಗೆ ಹೊಳೆಯಿತು: ನಾಳೆ ಇದನ್ನು ಸರಿಸುವವರು ಯಾರು? ಮಗಳನ್ನು ಕೇಳಿದರೆ ಅವಳಿಗೆ ಸ್ಕೂಟರು ಬಿಟ್ಟು ಬೇರೆ ಬರುವುದಿಲ್ಲ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. "ಮಮ್ಮಿ, ಟೆನ್ಶನ್ ಮತ್ ಲೋ," ಎಂದು ಬ್ಯಾಗು ಏರಿಸಿಕೊಂಡು ಟ್ರೇನಿಗೆ ಓಡಿದಳು.

ಕೆಳಗಿನ ಮನೆಯಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹೆಂಗಸು ಇದ್ದಳು, ನನಗಿಂತ ಚಿಕ್ಕವಳು. ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಅವಳದೇ, ಓಡಿಸುವುದೂ ಅವಳೇ. ನಾವು ಸಾಮಾನು ಇಳಿಸಿದ ದಿನ ಮೆಟ್ಟಿಲಲ್ಲಿ ನನ್ನ ಕನ್ನಡ ಕೇಳಿ ಚಹಾ ಮಾಡಿ ತಂದವಳು. ಅವಳೇ ಒಂದಷ್ಟು ದಿನ, ಮಕ್ಕಳನ್ನು ಶಾಲೆಗೆ ಬಿಡಲು ಹೋಗುವ ಮೊದಲು ನಮ್ಮ ಗಾಡಿಯನ್ನೂ ಸರಿಸಿಕೊಟ್ಟಳು. ಒಂದು ಬೆಳಿಗ್ಗೆ ನಾನು ಚಾವಿ ಚಾಚಿದರೆ ತೆಗೆದುಕೊಳ್ಳಲಿಲ್ಲ.

"ಅಕ್ಕಾರ, ಲೈಸೆನ್ಸ್ ಐತಿ ಅಂತೀರಿ, ಮತ್ತ ಗಾಡಿ ಮುಟ್ಟಂಗಿಲ್ಲ ಅಂದ್ರ ಹ್ಯಾಂಗ? ನೀವ ಕುಂದರ್ರಿ. ನಾ ಬಾಜೂಕ ಕುಂದರ್ತೀನಿ."

ನಾನು ಮೇಲೆ ಬಂದು ಇದನ್ನು ನನ್ನವರಿಗೆ ಹೇಳಿದೆ. ಅವರು ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು ಪೇಪರು ಓದುತ್ತಿದ್ದರು.

"ಬೇಡ ಮಾರಾಯ್ತಿ," ಎಂದರು. "ನನ್ನ ಕಾಲು ಮುರಿದದ್ದು ಸಾಕು. ಇನ್ನು ಗಾಡಿ ಮುರಿಯುವುದು ಎಂತಕ್ಕೆ?"

ನನಗೆ ಸಿಟ್ಟು ಬರಲಿಲ್ಲ. ಬೇರೆ ದಾರಿ ಇದ್ದರೆ ಹೇಳಿ ಎಂದೆ. ಅವರು ಪೇಪರು ಮಡಚಿಟ್ಟರು. ನಾನು ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಇಳಿದೆ.

ನಮ್ಮ ಬದಿಯಿಂದ ಉದ್ಯಾನದ ಬದಿಗೆ ಹೋಗಬೇಕಾದರೆ ರಸ್ತೆಯ ತುದಿಯ ಡೈರಿ ಅಂಗಡಿಯ ತನಕ ಹೋಗಿ, ಅಲ್ಲಿಯ ವೃತ್ತವನ್ನು ಸುತ್ತಿ, ತಿರುಗಿ ಬರಬೇಕು. ನಡೆದು ಹೋದರೆ ಕೆಲವೇ ನಿಮಿಷ. ಆ ದಿನ ಅದು ನನಗೆ ಕಲ್ಯಾಣದಿಂದ ಠಾಣೆಗೆ ಹೋದಷ್ಟು ದೂರವಾಯಿತು. ಕ್ಲಚ್ಚು ಬಿಡುವಾಗಲೆಲ್ಲ ಗಾಡಿ ಒಮ್ಮೆ ಕುಣಿದು ಬಂದ್ ಆಗುತ್ತಿತ್ತು. ಹಿಂದೆ ರಿಕ್ಷಾದವನು ಹಾರ್ನ್ ಹೊಡೆದರೆ ನನ್ನ ಪಕ್ಕದಲ್ಲಿದ್ದವಳು ಕಿಟಕಿಯಿಂದ ಕೈ ಹೊರಗೆ ಹಾಕಿ, ತಾಳು ಎಂದು ಅಂಗೈ ತೋರಿಸಿದಳು. ನನಗೆ ಮಾತ್ರ ಏನೂ ಅನ್ನಲಿಲ್ಲ. ಡೈರಿಯ ಹತ್ತಿರ ತಿರುಗಿಸಿದಾಗ ಕೈ ಬೆವತು ಸ್ಟಿಯರಿಂಗ್ ಜಾರುತ್ತಿತ್ತು. ಕೊನೆಗೆ ನೀರಿನ ಕ್ಯಾನಿನ ಟೆಂಪೋದ ಹಿಂದೆ, ಎರಡು ಕಾರು ಹಿಡಿಸುವಷ್ಟು ಜಾಗದಲ್ಲಿ ಒಂದು ಕಾರನ್ನು ನಿಲ್ಲಿಸಿ ಇಳಿದೆ. ಮೂರನೇ ಮಾಳಿಗೆಯ ಗ್ಯಾಲರಿಯಲ್ಲಿ ನನ್ನವರು ಕಂಬಿ ಹಿಡಿದು ನಿಂತಿದ್ದರು. ಒಂಟಿ ಕಾಲಿನಲ್ಲಿ ಅಲ್ಲಿಯ ತನಕ ಹೇಗೆ ಬಂದರೋ. ಮೇಲೆ ಹೋದ ಮೇಲೆ, ಹಿಂದಿನ ಚಕ್ರ ಫುಟ್‌ಪಾತಿನಿಂದ ಬಹಳ ದೂರ ಉಂಟು ಎಂದರು. ಅಷ್ಟೇ.

ಆಮೇಲೆ ಇದು ದಿನದ ಕೆಲಸವಾಯಿತು. ಮೊದಮೊದಲು ಅವಳು ಪಕ್ಕದಲ್ಲಿ ಕೂರುತ್ತಿದ್ದಳು. ಆಮೇಲೆ ಫುಟ್‌ಪಾತಿನಲ್ಲಿ ನಿಂತು ಕೈಯಲ್ಲೇ ಹಿಂದೆ, ಮುಂದೆ ಎಂದು ತೋರಿಸತೊಡಗಿದಳು. ಇನ್ನು ಸ್ವಲ್ಪ ದಿನಕ್ಕೆ, "ಅಕ್ಕಾರ, ಇನ್ನ ನಿಮಗ ನಾ ಬ್ಯಾಡ," ಎಂದು ತನ್ನ ವ್ಯಾನು ಹತ್ತಿ ಹೋಗಿಬಿಟ್ಟಳು. ಜೋರು ಮಳೆಯಲ್ಲಿ ವೈಪರು ಹಾಕಿಕೊಂಡು, ಕನ್ನಡಿಯಲ್ಲಿ ಹಿಂದಿನ ಬೈಕು ನೋಡಿಕೊಂಡು, ಎರಡು ಗಾಡಿಗಳ ನಡುವೆ ಒಂದೇ ಏಟಿಗೆ ಕಾರು ತೂರಿಸಿದ ದಿನ ನಾನು ಇಳಿಯದೆ ಸ್ವಲ್ಪ ಹೊತ್ತು ಒಳಗೇ ಕೂತಿದ್ದೆ. ಖುಷಿಗೆ. ಗ್ಯಾಲರಿಯಿಂದ ಬರುತ್ತಿದ್ದ ಸೂಚನೆಗಳೂ ಕಡಿಮೆಯಾದವು.

ಗಾಡಿ ಕೈಗೆ ಬಂದ ಮೇಲೆ ಬೋರ್ಡುಗಳು ಕಣ್ಣಿಗೆ ಬೀಳತೊಡಗಿದವು. ಅದೇ ಬೀದಿಯಲ್ಲಿ ದಿನವೂ ತರಕಾರಿಗೆ ಹೋಗುತ್ತಿದ್ದೆ, ಒಂದನ್ನೂ ನೋಡಿರಲಿಲ್ಲ. ಕೆಂಪು ಅಂಚಿನ ನೀಲಿ ವೃತ್ತಕ್ಕೆ ಒಂದೇ ಅಡ್ಡಗೆರೆ ಇದ್ದರೆ ಅಲ್ಲಿ ಗಾಡಿ ಬಿಟ್ಟು ಹೋಗುವಂತಿಲ್ಲ. ಎರಡು ಗೆರೆ ಕತ್ತರಿಯ ಹಾಗೆ ಇದ್ದರೆ ಒಂದು ಗಳಿಗೆ ನಿಲ್ಲಿಸುವಂತೆಯೂ ಇಲ್ಲ. ಅದರ ಕೆಳಗಿನ ಬಾಣ ಯಾವ ಕಡೆ ತೋರಿಸುತ್ತದೋ ಆ ಕಡೆಗೆ ನಿಷೇಧ. ಎರಡು ಕಡೆ ಬಾಣ ಇದ್ದರೆ ನಾವು ನಿಷೇಧದ ನಡುವಿನಲ್ಲಿದ್ದೇವೆ ಎಂದು ಅರ್ಥ. ಇವನ್ನು ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಉರುಹೊಡೆದದ್ದು ಒಂದೊಂದಾಗಿ ನೆನಪಾಯಿತು, ಉಳಿದದ್ದನ್ನು ನೋಡಿ ನೋಡಿ ತಿಳಿದುಕೊಂಡೆ.

ಆದರೆ ರಾತ್ರಿಯ ಸಂಗತಿ ಮಾತ್ರ ಬಗೆಹರಿಯಲಿಲ್ಲ. ನನ್ನವರ ಲೆಕ್ಕದಲ್ಲಿ ಹನ್ನೆರಡಕ್ಕೆ ಸರಿಸಬೇಕು. ವ್ಯಾನಿನವಳ ಪ್ರಕಾರ ಬೆಳಿಗ್ಗೆ ಸರಿಸಿದರೆ ಸಾಕು, ಎಲ್ಲರೂ ಹಾಗೆಯೇ ಮಾಡುತ್ತಾರೆ. ಎಲ್ಲರೂ ಮಾಡುತ್ತಾರೆ ಎಂಬುದು ನನಗೆ ಉತ್ತರ ಅನ್ನಿಸಲಿಲ್ಲ. ಒಂದು ದಿನ ಸ್ಟೇಷನ್ ಕಡೆಯ ಸಿಗ್ನಲ್ಲಿನಲ್ಲಿ ನಿಂತಿದ್ದ ಟ್ರಾಫಿಕ್ ಪೊಲೀಸ್ ಹೆಂಗಸನ್ನೇ ಹೋಗಿ ಕೇಳಿದೆ. ರೈನ್‌ಕೋಟಿನೊಳಗಿನಿಂದ ಮುಖ ಹೊರಗೆ ಹಾಕಿ, ಯಾವ ರಸ್ತೆ ಎಂದು ಕೇಳಿದಳು. ಹೇಳಿದೆ. ದೊಡ್ಡ ಬೋರ್ಡು ಮಾತ್ರ ಓದಿದರೆ ಆಗದು, ಅದರ ಕೆಳಗೆ ಒಂದು ಚಿಕ್ಕ ತಗಡು ಇರುತ್ತದೆ, ಅದರಲ್ಲಿ ವೇಳೆ ಬರೆದಿರುತ್ತದೆ, ಅದನ್ನು ನೋಡಿ ಎಂದು ಮರಾಠಿಯಲ್ಲಿ ಹೇಳಿದಳು. ಚಿಕ್ಕ ತಗಡನ್ನು ನಾನು ನೋಡಿರಲಿಲ್ಲ. ವಾಪಸು ಬಂದು ಹುಡುಕಿದೆ. ಇತ್ತು. ಅದರ ಮೇಲೆ ಯಾರೋ ಬಾಡಿಗೆ ರೂಮಿನ ಜಾಹೀರಾತು ಅಂಟಿಸಿದ್ದರು. ಮಳೆಗೆ ಕಾಗದ ನೆನೆದು ಮೆತ್ತಗಾಗಿತ್ತು. ಕೊಡೆಯನ್ನು ಕುತ್ತಿಗೆಯಲ್ಲಿ ಸಿಕ್ಕಿಸಿಕೊಂಡು ಉಗುರಿನಿಂದ ಕೆರೆದೆ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರ ತನಕ, ಎಂದಿತ್ತು.

ಎಂದರೆ ಸಮ, ವಿಷಮ ಎಲ್ಲ ಹಗಲಿಗೆ ಮಾತ್ರ. ರಾತ್ರಿ ಎರಡೂ ಬದಿ ಮುಕ್ತ. ಹನ್ನೆರಡಕ್ಕೂ ಕಾರಿಗೂ ಯಾವ ಸಂಬಂಧವೂ ಇಲ್ಲ. ಬೆಳಿಗ್ಗೆ ಎಂಟರ ಒಳಗೆ ಸರಿಯಾದ ಬದಿಯಲ್ಲಿದ್ದರೆ ಮುಗಿಯಿತು. ನಾನು ಮೇಲೆ ಬಂದು ಇದನ್ನು ಹೇಳಿದಾಗ ನನ್ನವರು ನಂಬಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ತಂದಿದ್ದೆ, ತೋರಿಸಿದೆ. ಅವರು ಅದನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದರು. ನಿದ್ದೆಗಣ್ಣಿನಲ್ಲಿ ಇಳಿದು ಹೋಗಿ ಬಂದ ಆ ರಾತ್ರಿಗಳೆಲ್ಲ ಅವರ ಮುಖದಲ್ಲಿ ಹಾದು ಹೋದವು. ನಾನು ನಗಲಿಲ್ಲ. ನಗು ಬಂದದ್ದು ಅಡಿಗೆಮನೆಗೆ ಹೋದ ಮೇಲೆ.

ಆ ತಿಂಗಳ ಕೊನೆಯಲ್ಲಿ ನಡೆದದ್ದನ್ನು ನಮ್ಮ ಬಿಲ್ಡಿಂಗಿನವರು ಈಗಲೂ ಹೇಳುತ್ತಾರೆ. ಮೂವತ್ತೊಂದನೇ ತಾರೀಖು ಸಂಜೆ ನಾನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಗುರುತು ಮಾಡುತ್ತಿದ್ದೆ. ಗಾಡಿ ಉದ್ಯಾನದ ಬದಿಯಲ್ಲಿತ್ತು. ಹಾಳೆ ತಿರುಗಿಸಿದಾಗ ಒಂದನೇ ತಾರೀಖು ಕಂಡಿತು. ನಾನು ನಿಂತೆ. ನಾವು ಬಂದ ತಿಂಗಳು ಮೂವತ್ತಕ್ಕೇ ಮುಗಿದಿದ್ದರಿಂದ ಈ ಪ್ರಶ್ನೆ ಎದ್ದಿರಲಿಲ್ಲ. ನಾಳೆ ಗಾಡಿ ಸರಿಸಲಿಕ್ಕಿಲ್ಲ ಎಂದು ನನ್ನವರಿಗೆ ಹೇಳಿದೆ.

"ಎಂತಕ್ಕೆ? ಇವತ್ತು ಆಚೆ ಉಂಟು. ನಾಳೆ ಈಚೆ ಬರಬೇಕು. ದಿನಾ ಬದಲಾಯಿಸುವುದೇ ಅಲ್ವಾ ರೂಲು?"

"ಅಲ್ಲ. ದಿನಾ ಬದಲಾಯಿಸಬೇಕು ಅಂತ ಬೋರ್ಡಿನಲ್ಲಿ ಎಲ್ಲಿಯೂ ಇಲ್ಲ. ಇವತ್ತು ಮೂವತ್ತೊಂದು, ವಿಷಮ. ನಾಳೆ ಒಂದು, ಅದೂ ವಿಷಮ. ಗಾಡಿ ಇದ್ದಲ್ಲೇ ಇರಲಿ."

ಅವರು ಬೆರಳು ಮಡಚಿದರು, ಬಿಡಿಸಿದರು. ಲೆಕ್ಕ ಸರಿ ಇದೆ ಎಂದು ಗೊತ್ತಾಯಿತು, ಆದರೆ ಧೈರ್ಯ ಬರಲಿಲ್ಲ. ಎಲ್ಲರೂ ಎಂತ ಮಾಡುತ್ತಾರೆ ನೋಡಿ ಮಾಡುವ ಎಂದರು.

ಬೆಳಿಗ್ಗೆ ಎಲ್ಲರೂ ಸರಿಸಿದರು. ಏಳು ಗಂಟೆಯಿಂದ ಒಂದೊಂದೇ ಕಾರು ಹೊರಟು, ಡೈರಿ ಸುತ್ತಿ, ನಮ್ಮ ಬದಿಗೆ ಬಂದು ನಿಂತಿತು. ಉದ್ಯಾನದ ಬದಿ ಖಾಲಿಯಾಗುತ್ತ ಬಂದು, ಕೊನೆಗೆ ನಮ್ಮದು ಮತ್ತು ಒಂದೆರಡು ರಿಕ್ಷಾ ಉಳಿದವು. ವ್ಯಾನಿನವಳಿಗೆ ಹಿಂದಿನ ದಿನವೇ ಹೇಳಿದ್ದೆ. ಅವಳು ಹೊತ್ತಿಗೆ ಮೊದಲೇ ಶಾಲೆಯ ಕಡೆ ಹೋಗಿದ್ದಳು. ನನ್ನವರು ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಒಂಟಿಯಾಗಿ ನಿಂತ ಕಾರನ್ನೂ ನನ್ನನ್ನೂ ನೋಡುತ್ತಿದ್ದರು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಎರಡನೇ ಮಾಳಿಗೆಯ ಮರಾಠಿ ಹಿರಿಯರು. ಅವರ ಮಗನ ಕಾರು ಒಳಗೆ ನಿಲ್ಲುತ್ತದೆ, ಅವರ ದೊಡ್ಡ ಗಾಡಿ ನಮ್ಮದರ ಹಾಗೆ ರಸ್ತೆಯಲ್ಲಿ. ನನ್ನನ್ನು ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಾರೆ. ವಹಿನಿ, ನಿಮ್ಮ ಗಾಡಿ ಮರೆತಿದ್ದೀರಿ, ಎತ್ತಿಕೊಂಡು ಹೋದಾರು, ಬೇಗ ಸರಿಸಿ ಎಂದರು. ನಾನು ಮೂವತ್ತೊಂದು, ಒಂದು ಎಂದು ವಿವರಿಸಿದೆ. ನಿಮ್ಮ ಗಾಡಿಯನ್ನೂ ವಾಪಸು ತೆಗೆದುಕೊಂಡು ಹೋಗಿ ಎಂದೂ ಹೇಳಿದೆ. ಇಡೀ ರಸ್ತೆಯವರು ತಪ್ಪೇ ಎಂಬ ಹಾಗೆ ನಕ್ಕು, ಮೊಣಕಾಲು ಹಿಡಿದುಕೊಂಡು ಇಳಿದು ಹೋದರು.

"ನೋಡು, ಅವರೂ ಹೇಳಿದರಲ್ವಾ," ಎಂದರು ನನ್ನವರು.

"ಹೇಳಲಿ," ಎಂದೆ.

ಎಂಟು ಕಳೆದು ಸ್ವಲ್ಪ ಹೊತ್ತಿಗೆ ರಸ್ತೆಯ ತುದಿಯಲ್ಲಿ ಟೋಯಿಂಗ್ ಗಾಡಿಯ ಧ್ವನಿವರ್ಧಕದ ಭೋಂಗಾ ಕೇಳಿಸಿತು. ಅದು ಉದ್ಯಾನದ ಬದಿಗೆ ಬರಲಿಲ್ಲ. ನೇರ ನಮ್ಮ ಬದಿಗೆ ಬಂದು, ಗಾಡಿಯ ನಂಬರು ಒಂದೊಂದಾಗಿ ಕೂಗಿ, ತೆಗೆಯಿರಿ ಎಂದು ಹೇಳತೊಡಗಿತು. ಅದರ ಜೊತೆಯಲ್ಲಿ ಅದೇ ಪೊಲೀಸ್ ಹೆಂಗಸು ಇದ್ದಳು. ಹುಡುಗರು ಮೊದಲು ಸಿಕ್ಕಿದ ಎರಡು ಬೈಕುಗಳನ್ನು ಎತ್ತಿ ಹಾಕಿದರು. ಆಮೇಲೆ ನಮ್ಮ ರಸ್ತೆಯಲ್ಲಿ ನಾನು ಎಂದೂ ಕಾಣದ ಓಟ ಶುರುವಾಯಿತು. ಒಬ್ಬರು ಟವೆಲಿನಲ್ಲಿ, ಒಬ್ಬರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು.

ನಾನು ಇಳಿದು ಹೋದೆ. ಎರಡನೇ ಮಾಳಿಗೆಯಲ್ಲಿ ಹಿರಿಯರು ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ನನ್ನನ್ನು ಕಂಡು ನಿಂತರು. ನಾನು ಕೈ ಚಾಚಿದೆ. ಅವರು ಚಾವಿ ಕೊಟ್ಟರು.

ಅವರ ಗಾಡಿ ನಮ್ಮದಕ್ಕಿಂತ ಬಹಳ ದೊಡ್ಡದು, ಸೀಟು ಎತ್ತರ. ಬೇರೆಯವರ ಗಾಡಿ ನಾನು ಮುಟ್ಟಿದ್ದೇ ಇಲ್ಲ. ಪೊಲೀಸ್ ಹೆಂಗಸು ನನ್ನ ಗುರುತು ಹಿಡಿದು, ಓಡಿಸುವವರು ಬಂದಿದ್ದರೆ ಎತ್ತುವುದಿಲ್ಲ, ಬೇಗ ತೆಗೆಯಿರಿ ಎಂದಳು. ನಾನು ಸೀಟು ಮುಂದಕ್ಕೆ ಎಳೆದುಕೊಂಡೆ, ಕನ್ನಡಿ ಸರಿಮಾಡಿಕೊಂಡೆ. ಅವಸರ ಮಾಡಲಿಲ್ಲ. ಮುಂದೆ ಒಂದು ಕಾರು, ಹಿಂದೆ ಒಂದು ರಿಕ್ಷಾ, ನಡುವಿನಿಂದ ಎರಡು ಸಲ ಹಿಂದೆ ಮುಂದೆ ಮಾಡಿ ಹೊರಗೆ ತಂದೆ. ಡೈರಿ ಸುತ್ತಿ ಬಂದು ನಮ್ಮ ಕಾರಿನ ಹಿಂದೆಯೇ ನಿಲ್ಲಿಸಿ ಇಳಿದೆ. ಅಷ್ಟು ಹೊತ್ತಿಗೆ ಉಳಿದವರೂ ಒಬ್ಬೊಬ್ಬರಾಗಿ ಬಂದು ನನ್ನ ಹಿಂದೆ ಸಾಲು ಹಚ್ಚುತ್ತಿದ್ದರು. ಹಿರಿಯರು ಗೇಟಿನಲ್ಲಿ ನಿಂತಿದ್ದರು. ಚಾವಿ ಕೊಟ್ಟೆ. ವಹಿನಿ, ಇನ್ನು ಮೇಲೆ ನಿಮ್ಮನ್ನು ಕೇಳಿಯೇ ಸರಿಸುವುದು ಎಂದರು.

ಮೇಲೆ ಬಂದರೆ ನನ್ನವರು ಊರಿನ ತಮ್ಮನ ಜೊತೆ ಫೋನಿನಲ್ಲಿದ್ದರು. ತುಳುವಿನಲ್ಲಿ ಎಲ್ಲವನ್ನೂ ವರ್ಣಿಸುತ್ತಿದ್ದರು, ಟವೆಲಿನವರನ್ನೂ ಬಿಡಲಿಲ್ಲ. ಇವಳು ನಿನ್ನೆಯೇ ಹೇಳಿದ್ದಳು ಎಂದು ಎರಡು ಸಲ ಹೇಳಿದ್ದು ನನಗೆ ಕೇಳಿಸಿತು. ನನ್ನ ಎದುರಿನಲ್ಲಿ ಹೇಳಲಿಲ್ಲ. ಫೋನು ಇಟ್ಟ ಮೇಲೆ, ದೊಡ್ಡ ಗಾಡಿ ತಿರುಗಿಸುವಾಗ ಹೆದರಿಕೆ ಆಗಲಿಲ್ಲವಾ ಎಂದು ಕೇಳಿದರು. ಆಯಿತು, ಆದರೆ ಡೈರಿಯ ತನಕ ಮಾತ್ರ ಎಂದೆ.

ಪ್ಲಾಸ್ಟರ್ ಬಿಚ್ಚುವ ದಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ವಾಪಸು ಬರುವಾಗ ಅವರು ಕೋಲು ಊರಿಕೊಂಡು ಅಭ್ಯಾಸದಂತೆ ಬಲಗಡೆಯ ಬಾಗಿಲಿಗೆ ಹೋಗಿ ಕೈ ಹಾಕಿದರು. ಆಮೇಲೆ ಅವರಿಗೇ ನೆನಪಾಗಿ, ಬಾನೆಟ್ಟು ಹಿಡಿದುಕೊಂಡು ಸುತ್ತಿ ಬಂದು ಎಡಗಡೆ ಕೂತರು. ಹೈವೇಯಲ್ಲಿ ಒಂದು ಲಾರಿ ಬಹಳ ಹತ್ತಿರ ಬಂದಾಗ ಅವರ ಬಲಗಾಲು, ಅಲ್ಲಿ ಇಲ್ಲದ ಬ್ರೇಕನ್ನು ಒತ್ತಿತು. ಕಾಲಿಗೆ ನೋವಾದೀತು, ಸುಮ್ಮನೆ ಇಡಿ ಎಂದೆ. ಇಟ್ಟರು.

ಕಾಲು ಪೂರ್ತಿ ಸರಿಯಾದ ಮೇಲೆ ಹೋಟೆಲಿಗೆ ಅವರೇ ಗಾಡಿ ಒಯ್ಯತೊಡಗಿದರು. ಭಾನುವಾರ ಮಾತ್ರ ಅದು ನನ್ನದು. ಅಂಥ ಒಂದು ಭಾನುವಾರ ಘೋಡಬಂದರ್ ರಸ್ತೆಯಲ್ಲಿರುವ ನಾದಿನಿಯ ಮನೆಗೆ ಹೊರಟೆವು. ನಾದಿನಿ ಎಂದರೆ ನನ್ನವರ ತಂಗಿ, ದೊಡ್ಡ ಕಾಂಪ್ಲೆಕ್ಸಿನಲ್ಲಿ ಮನೆ. ಠಾಣೆಯ ಟ್ರಾಫಿಕ್ಕಿನಲ್ಲಿ ಅಷ್ಟು ದೂರ ನಾನು ಮೊದಲ ಸಲ ಓಡಿಸಿದ್ದು. ಊಟ, ಹರಟೆ ಎಲ್ಲ ಮುಗಿಯುವಾಗ ಸಂಜೆಯಾಗಿ ಜೋರು ಮಳೆ ಹಿಡಿಯಿತು. ರಾತ್ರಿ ಉಳಿದುಕೊಳ್ಳಿ ಎಂದು ನಾದಿನಿ ಹಿಡಿದುಕೊಂಡಳು. ಆದರೆ ಕಾಂಪ್ಲೆಕ್ಸಿನ ಸೆಕ್ಯೂರಿಟಿಯವನು, ನೆಂಟರ ಗಾಡಿ ರಾತ್ರಿ ಒಳಗೆ ಇಡುವಂತಿಲ್ಲ ಎಂದು ಫೋನು ಮಾಡಿದ. ನಾದಿನಿಗೆ ಬೇಸರವಾಯಿತು. ಹೊರಗೆ ಸರ್ವಿಸ್ ರಸ್ತೆಯಲ್ಲಿ ಹಾಕಿದರೆ ನಡೆಯುತ್ತದಾ ಅಣ್ಣ ಎಂದು ಕೇಳಿದಳು.

"ನನ್ನನ್ನು ಎಂತಕ್ಕೆ ಕೇಳುವುದು? ಅತ್ತಿಗೆಯನ್ನು ಕೇಳು," ಎಂದರು ಅವರು.

ನಾನು ಕೊಡೆ ತೆಗೆದುಕೊಂಡು ಇಳಿದೆ. ಸರ್ವಿಸ್ ರಸ್ತೆಯಲ್ಲಿ ಗೇಟಿನ ಎಡಕ್ಕೆ ಕತ್ತರಿ ಗೆರೆಯ ಬೋರ್ಡು, ಅಲ್ಲಿ ಪ್ರಶ್ನೆಯೇ ಇಲ್ಲ. ಬಲಕ್ಕೆ ಸ್ವಲ್ಪ ದೂರದಲ್ಲಿ ಒಂದೇ ಗೆರೆಯದು, ಅದರ ಕೆಳಗೆ ರಾತ್ರಿಯ ವೇಳೆ ಬರೆದಿತ್ತು, ಪಕ್ಕದಲ್ಲಿ ಲಾರಿಯ ಚಿತ್ರ. ಎಂದರೆ ದೊಡ್ಡ ಗಾಡಿಗಳಿಗೆ ಮಾತ್ರ. ಅದರ ಬಾಣ ಎಲ್ಲಿ ಮುಗಿಯುತ್ತದೆ ಎಂದು ನಡೆದು ನೋಡಿದೆ. ತಗಡಿನ ಮೇಲೆ ಏನಾದರೂ ಅಂಟಿಸಿದ್ದಾರೆಯೇ ಎಂದೂ ನೋಡಿದೆ, ಇರಲಿಲ್ಲ. ಒಳಗೆ ಹೋಗಿ ಕಾರು ತಂದು, ದೀಪದ ಕಂಬದ ಹತ್ತಿರ, ಫುಟ್‌ಪಾತಿಗೆ ತಾಗಿಕೊಂಡ ಹಾಗೆ ನಿಲ್ಲಿಸಿದೆ.

ಮೇಲೆ ಬಂದು ಉಳಿಯೋಣ ಎಂದೆ. ನಾದಿನಿ ಹಾಸಿಗೆ ಹಾಸಲು ಹೋದಳು. ನನ್ನವರು ಯಾವ ಬೋರ್ಡು, ಯಾವ ಬಾಣ ಎಂದು ಕೇಳಲಿಲ್ಲ. ಗಾಡಿ ಲಾಕ್ ಮಾಡಿದ್ದೀಯಾ ಎಂದಷ್ಟೇ ಕೇಳಿ, ಮಗ್ಗುಲಾಗಿ ನಿದ್ದೆ ಹೋದರು.